ಹೆಬ್ಬಾಗಿಲ ಪುಟ್ಟ ಮನೆ

ಸ್ಕಾಟ್ಲೆಂಡಿನ ಹಳೆಯ ಎಸ್ಟೇಟುಗಳಿಗೆ ಹೋದವರು ಟಿಕೆಟ್ ತೆಗೆದುಕೊಂಡು ಬಂಗಲೆಯೊಳಗೆ ಸುತ್ತುತ್ತಾರೆ. ತೈಲಚಿತ್ರ, ಜಿಂಕೆಯ ಕೊಂಬು, ಬೆಳ್ಳಿತಟ್ಟೆಗಳನ್ನು ನೋಡಿ ನೋಡಿ ದಣಿದು ಹೊರಬರುತ್ತಾರೆ. ನನಗೆ ಅಷ್ಟು ದೂರ ಹೋಗುವ ಅವಸರವೇ ಇಲ್ಲ. ರಸ್ತೆಯಂಚಿನಲ್ಲಿ, ಗೇಟಿಗೆ ಆತುಕೊಂಡಿರುವ ಕಾವಲಿನವರ ಮನೆ, ಅಂದರೆ ಗೇಟ್ ಲಾಡ್ಜ್, ಒಂದು ಸಿಕ್ಕರೆ ಮಧ್ಯಾಹ್ನ ಕಳೆಯುತ್ತದೆ.

ಸಾರೋಟಿನಲ್ಲಿ ಬರುತ್ತಿದ್ದ ಅತಿಥಿಗೆ ಬಂಗಲೆ ಕಾಣುತ್ತಿದ್ದದ್ದು ಮರಗಳ ನಡುವೆ ಬಳಸಿ ಬಳಸಿ ಹೋದಮೇಲೆ. ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಲಾಡ್ಜ್. ದೊರೆಯ ದೌಲತ್ತಿನ ರುಚಿ ಅಲ್ಲಿಯೇ ಹತ್ತಬೇಕು. ಗ್ರೀಕ್ ಶೈಲಿಯ ಹುಚ್ಚು ಹಿಡಿದಿದ್ದ ಕಾಲದ್ದು ಬ್ಯಾನ್ಫ್ ಊರಿನ ಕಾಲಿ ಲಾಡ್ಜ್; ಡಫ್ ಹೌಸ್ ಎಸ್ಟೇಟಿನದು. ಮುಂದೆ ಡೋರಿಕ್ ಕಂಬಗಳು! ಗೇಟು ತೆಗೆಯುವವನ ಮನೆಗೆ ದೇವಾಲಯದ ಮುಖ. ಆಮೇಲೆ ಕೋಟೆಯ ಗೀಳು ಹತ್ತಿತು. 1856ರಲ್ಲಿ ವಿಕ್ಟೋರಿಯಾ ರಾಣಿಯ ಬಾಲ್ಮೊರಲ್ ಅರಮನೆ ಮುಗಿಯುವ ಹೊತ್ತಿಗೆ ಮೂಲೆಗೊಂದು ಗೋಪುರ, ಮೆಟ್ಟಿಲು ಮೆಟ್ಟಿಲಾಗಿ ಏರುವ ಮುಮ್ಮೂಲೆ ಗೋಡೆ ಎಲ್ಲ ಸಿರಿವಂತರಿಗೂ ಬೇಕಾಗಿದ್ದವು. ವಿಲಿಯಂ ಬರ್ನ್, ಡೇವಿಡ್ ಬ್ರೈಸ್ ಅಂಥ ವಾಸ್ತುಶಿಲ್ಪಿಗಳ ಆ ಶೈಲಿ ಬಂಗಲೆಯಿಂದ ಲಾಡ್ಜಿಗೂ ಇಳಿಯಿತು, ಅಪ್ಪನ ಕೋಟು ತೊಟ್ಟ ಮಗುವಿನ ಹಾಗೆ.

ಲಾಡ್ಜಿನಲ್ಲಿ ನನಗೆ ಇಷ್ಟವಾದದ್ದು ಕಿಟಕಿ. ಮುಂಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದಕ್ಕೆ ಮೂರು ಮುಖ, ಮೂರಕ್ಕೂ ಗಾಜು. ನಡುವಿನ ಗಾಜಿಗೆ ಗೇಟು ಎದುರು. ಒಂದು ಬದಿಯದರಲ್ಲಿ ಊರ ಕಡೆಯ ರಸ್ತೆ, ಇನ್ನೊಂದರಲ್ಲಿ ಬಂಗಲೆಯ ದಾರಿ. ಕೂತಲ್ಲಿಂದಲೇ ಯಾರು ಬಂದರು, ಯಾರು ಹೊರಟರು ಎಂಬುದೆಲ್ಲ ತಿಳಿಯಬೇಕು. ಹಿಂದಕ್ಕೆ ಹೋಗಿ ನೋಡಿದರೆ ಬೇರೆಯೇ ಕಥೆ: ಕೆತ್ತನೆಯ ಕಲ್ಲು ಮುಗಿದು ಒರಟು ಗೋಡೆ, ಸಣ್ಣ ಕಿಂಡಿ, ಸೌದೆಯ ಗೂಡು. ಅಲಂಕಾರವೆಲ್ಲ ದಾರಿಹೋಕರಿಗೆ, ಇಕ್ಕಟ್ಟೆಲ್ಲ ಮನೆಯವರಿಗೆ.

ಜೋಡಿ ಲಾಡ್ಜುಗಳಂತೂ ಇದರ ಪರಮಾವಧಿ. ಗೇಟಿನ ಎರಡೂ ಬದಿಗೆ ಅಚ್ಚು ಒತ್ತಿದಂತೆ ಒಂದೇ ಬಗೆಯ ಎರಡು ಮನೆ. ಚಿತ್ರದಲ್ಲಿ ಏನು ಚೆಂದ! ಆದರೆ ಎಷ್ಟೋ ಕಡೆ ಎರಡರಲ್ಲೂ ಇದ್ದದ್ದು ಒಂದೇ ಸಂಸಾರ. ಅಡುಗೆ ಈಚೆ, ಮಲಗುವುದು ಆಚೆ. ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಸ್ಕಾಟ್ಲೆಂಡಿನ ಮಳೆಯಲ್ಲಿ ದಾರಿ ದಾಟಬೇಕು. ಅಲ್ಲಿಯವನೇ ಆದ ಜಾನ್ ಕ್ಲಾಡಿಯಸ್ ಲೌಡನ್ 1833ರಲ್ಲಿ ತಂದ ಗೃಹವಾಸ್ತು ವಿಶ್ವಕೋಶದಲ್ಲಿ ಲಾಡ್ಜುಗಳ ನಕ್ಷೆಗಳಿವೆ; ಬಡವರ ಮನೆಯಲ್ಲೂ ಅನುಕೂಲ ಇರಬೇಕು ಎಂದು ಪಟ್ಟುಹಿಡಿದ ಪುಣ್ಯಾತ್ಮ ಅವನು.

ಗೇಟಿನ ಹುಚ್ಚು ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದಕ್ಕೆ ನೋವರ್ ಎಸ್ಟೇಟಿನ ಮೇಲಿನ ಫೈರಿಶ್ ಗುಡ್ಡ ನೋಡಬೇಕು. ಅದರ ಒಡೆಯ ಹೆಕ್ಟರ್ ಮನ್ರೊ ನಮಗೂ ಪರಿಚಿತನೇ: 1780ರಲ್ಲಿ ಹೈದರಾಲಿಯ ಸೇನೆ ಪೊಲ್ಲಿಲೂರಿನಲ್ಲಿ ಇಂಗ್ಲಿಷ್ ಕಂಪನಿಯ ಸೇನಾನಿ ಬೈಲಿಯ ಪಡೆಯನ್ನು ಮುಗಿಸಿದಾಗ ನೆರವಿಗೆ ಹೋಗದೆ ಮದ್ರಾಸಿಗೆ ಹಿಮ್ಮೆಟ್ಟಿದವನು. ಮರುವರ್ಷ ನಾಗಪಟ್ಟಣ ಗೆದ್ದ. ಆ ಊರಿನ ಹೆಬ್ಬಾಗಿಲ ಮಾದರಿಯೆಂದು ಗುಡ್ಡದ ನೆತ್ತಿಯಲ್ಲಿ ಕಮಾನು ಕಟ್ಟಿಸಿದ. ಅದರೊಳಗಿಂದ ಹೋಗುವ ಸಾರೋಟಿಲ್ಲ, ತೆಗೆಯುವ ಕದವಿಲ್ಲ, ಕಾವಲಿನವನೂ ಇಲ್ಲ. ಬರೀ ಜಂಬ. ನನ್ನ ಪಾಲಿಗೆ ಸೌದೆಗೂಡಿರುವ ಲಾಡ್ಜೇ ಮೇಲು.

ಇಪ್ಪತ್ತನೇ ಶತಮಾನದಲ್ಲಿ ತೆರಿಗೆ, ಯುದ್ಧ, ಆಳುಗಳ ಅಭಾವಕ್ಕೆ ಸಿಕ್ಕಿ ಸ್ಕಾಟ್ಲೆಂಡಿನ ನೂರಾರು ಬಂಗಲೆಗಳು ನೆಲಸಮವಾದವು. ಎಷ್ಟೋ ಕಡೆ ಲಾಡ್ಜ್ ಮಾತ್ರ ಉಳಿಯಿತು. ಈಗ ಅದು ಯಾರದೋ ಸ್ವಂತ ಮನೆ. ಆ ಕಡೆ ಹೋದರೆ ಗೇಟಿನ ಬಳಿ ಕಾರು ನಿಲ್ಲಿಸಿ, ಇಳಿದು ನೋಡಿ. ಕಿಟಕಿಗೆ ಮಾತ್ರ ಇಣುಕಬೇಡಿ, ಒಳಗೆ ಜನ ಇರುತ್ತಾರೆ.