ಏರಿಯ ಮೇಲಿನ ಕಲ್ಲುಬೆಂಚು

ಉರ್ದು ಶಾಲೆ ನಮಗೆ 'ಬೈಠಕ್' ಎಂಬ ಪದವನ್ನು ಕಲಿಸಿತು, ಕನ್ನಡ ಶಾಲೆ 'ಹರಟೆಕಟ್ಟೆ'ಯನ್ನು. ಎರಡೂ ಸೊಗಸಾದ ಪದಗಳೇ. ಆದರೆ ಅಲ್ಲಿ ಕುಳಿತವರನ್ನು ಕಣ್ಣ ಮುಂದೆ ತಂದುಕೊಂಡರೆ ಬರೀ ಗಂಡಸರೇ ಕಾಣುತ್ತಾರೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದು, ಅಲ್ಲೇ ಎರಡು ಬೀದಿ ಆಚೆಗೆ ಸೊಸೆಯಾಗಿ ಹೋದ ನಮಗೆ ಇದರಲ್ಲೇನೂ ವಿಶೇಷ ಕಂಡಿರಲಿಲ್ಲ. ಗಂಡಸರಿಗೆ ಚಹಾದಂಗಡಿಯಿತ್ತು, ಮಸೀದಿಯ ಮುಂದಿನ ಜಗಲಿಯಿತ್ತು, ಕ್ಷೌರದಂಗಡಿಯ ಬೆಂಚಿತ್ತು. ನಮಗೆ ಹಿತ್ತಲಿತ್ತು, ತಾರಸಿಯಿತ್ತು, ಮದುವೆಮನೆಯ ಒಳಕೋಣೆಯಿತ್ತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ನಾಲ್ಕು ಜನರ ನಡುವೆ ಕೂರುವ ಜಾಗ ಮಾತ್ರ ಇರಲಿಲ್ಲ.

ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮ್' ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಪ್ಲೈವುಡ್ಡಿನ ಗೂಡು, ಎಣ್ಣೆಗೈ ಒರೆಸಿ ಒರೆಸಿ ಬಣ್ಣಗೆಟ್ಟ ಪರದೆ, ಒಳಗೆ ಬರುವ ಮುನ್ನ ಕೆಮ್ಮುವ ಮಾಣಿ. ನಿಕಾಹ್ ಆದ ಹೆಂಡತಿಯ ಜೊತೆ ಚಹಾ ಕುಡಿಯುವುದೂ ಕದ್ದು ಮಾಡುವ ಕೆಲಸವೆಂಬಂತೆ ತೋರುವ ಆ ಗೂಡಿನಲ್ಲಿ ನಾವಂತೂ ಹತ್ತು ನಿಮಿಷಕ್ಕಿಂತ ಹೆಚ್ಚು ಕುಳಿತದ್ದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ 'ಮೂರನೆಯ ಜಾಗ'ದ ಬಗ್ಗೆ ಬರೆದರು. ಮನೆ ಮೊದಲನೆಯದು, ದುಡಿಯುವ ಸ್ಥಳ ಎರಡನೆಯದು. ಕಾಫಿ ಹೋಟೆಲು, ದಿನಸಿ ಅಂಗಡಿ, ಸಮುದಾಯ ಭವನ ಮೊದಲಾದವು ಮೂರನೆಯವು. ಕರೆಯದಿದ್ದರೂ ಹೋಗಬಹುದಾದ, ಹೋದರೆ ಯಾರಾದರೂ ಗುರುತಿನವರು ಸಿಕ್ಕೇ ಸಿಗುವ ಜಾಗಗಳು. ಊರು ಊರಾಗಿ ಉಳಿಯುವುದು ಇವುಗಳಿಂದ ಎಂಬುದು ಅವರ ವಾದ. ಒಪ್ಪತಕ್ಕ ಮಾತು. ನಮ್ಮದು ಇನ್ನೂ ಸಣ್ಣ ಪ್ರಶ್ನೆ: ಒಂದು ದಾಂಪತ್ಯಕ್ಕೂ ಇಂಥ ಜಾಗ ಬೇಡವೇ?

ನಮ್ಮಿಬ್ಬರಿಗೆ ಅದು ಸಿಕ್ಕಿದ್ದು ಸಕ್ಕರೆ ಕಾಯಿಲೆಯ ಕೃಪೆಯಿಂದ. ನಮ್ಮ ಮನೆಯವರಿಗೆ ಡಾಕ್ಟರು ದಿನಕ್ಕೆ ಮುಕ್ಕಾಲು ಗಂಟೆ ನಡೆಯಿರಿ ಎಂದರು. ಒಬ್ಬರೇ ಹೋದರೆ ದಾರಿಯಲ್ಲಿ ಚಹಾದಂಗಡಿ ಸಿಗುತ್ತದೆ, ಚಹಾದ ಜೊತೆ ಬಿಸ್ಕತ್ತೂ ಸಿಗುತ್ತದೆ. ಹಾಗಾಗಿ ಕಾವಲಿಗೆ ನಾವೂ ಹೊರಟೆವು. ಅತ್ತೆಯವರಿಗೆ ಇದು ಹಿಡಿಸಲಿಲ್ಲ. ಮಗಳು ಎದೆಮಟ್ಟ ಬೆಳೆದಿರುವಾಗ ಗಂಡನ ಜೊತೆ ಸವಾರಿ ಹೊರಡುವುದೇ ಎಂದು ಗೊಣಗಿದರು. ಪ್ರವಾದಿಯವರು ಹಜ್ರತ್ ಆಯಿಶಾರ ಜೊತೆ ಓಟದ ಪಂದ್ಯವನ್ನೇ ಓಡಿದ್ದರು, ನಾವು ಬರೀ ನಡೆಯುತ್ತೇವೆ ಎಂದು ಮಗ ಹೇಳಿದ ಮೇಲೆ ಸುಮ್ಮನಾದರು. ಪೂರ್ತಿ ಸುಮ್ಮನಾದರೆಂದಲ್ಲ.

ನಡೆಯಲು ಆರಿಸಿದ್ದು ಕುಕ್ಕರಹಳ್ಳಿ ಕೆರೆಯನ್ನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಬೇಸಾಯದ ನೀರಿಗಾಗಿ ಆದ ಕೆರೆ ಅದು. ಗದ್ದೆಗಳೆಲ್ಲ ಬಡಾವಣೆಗಳಾದವು, ಕೆರೆ ಉಳಿಯಿತು. ಈಗ ಅದು ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಕುವೆಂಪು ನಡೆದಾಡಿದ ಏರಿ ಎಂದು ಎಲ್ಲರೂ ಹೇಳುತ್ತಾರೆ. ಕವಿಗಳ ಹೆಜ್ಜೆ ಹುಡುಕಿಕೊಂಡು ನಾವೇನೂ ಹೋಗಲಿಲ್ಲ. ಆದರೆ ಸಂಜೆಯ ಹೊತ್ತು ಹೆಜ್ಜಾರ್ಲೆಗಳು ದೊಡ್ಡ ರೆಕ್ಕೆ ಬೀಸಿಕೊಂಡು ನೀರಿಗಿಳಿಯುವುದನ್ನು ಕಂಡಾಗ ಬಿಸ್ಕತ್ತು ಮರೆತುಹೋಗುತ್ತದೆ. ಅಸರ್ ನಮಾಝ್ ಮುಗಿಸಿ ಸ್ಕೂಟರಿನಲ್ಲಿ ಹೊರಟರೆ ಮಗ್ರಿಬ್ ಹೊತ್ತಿಗೆ ಮನೆ ಸೇರಬಹುದಿತ್ತು.

ಅರ್ಧ ದಾರಿ ನಡೆದು ಒಂದು ಕಲ್ಲುಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ಬೆಂಚಿನ ಗುಣವೊಂದಿದೆ. ಅಲ್ಲಿ ಎದುರುಬದುರು ಕೂರುವುದಿಲ್ಲ, ಪಕ್ಕ ಪಕ್ಕ ಕೂರುತ್ತೇವೆ. ಕಣ್ಣು ನೀರಿನ ಮೇಲಿರುತ್ತದೆ, ಮಾತು ಪಕ್ಕಕ್ಕೆ ಹೋಗುತ್ತದೆ. ಮನೆಯಲ್ಲಿ ಮುಖ ನೋಡಿ ಹೇಳಲಾಗದ್ದನ್ನು ಅಲ್ಲಿ ಹೇಳಬಹುದು. ಜಗಳವನ್ನೂ ಆಡಬಹುದು, ಆದರೆ ಪೂರ್ತಿ ಆಡಲಾಗದು. ದನಿ ಏರುವ ಹೊತ್ತಿಗೆ ಸರಿಯಾಗಿ ಯಾರಾದರೂ ನಮಸ್ಕಾರ ಎನ್ನುತ್ತಾ ಬರುತ್ತಾರೆ, ಇಬ್ಬರೂ ನಗಬೇಕಾಗುತ್ತದೆ. ಅವರು ದಾಟಿ ಹೋದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆವೆಂಬುದೇ ನೆನಪಾಗುವುದಿಲ್ಲ.

ಆ ನಮಸ್ಕಾರದವರೇ ಮುಖ್ಯ. ನಿವೃತ್ತ ಮೇಷ್ಟರೊಬ್ಬರು, ಮಂಡಿನೋವಿನ ಹೆಂಡತಿಯನ್ನು ನಿಧಾನವಾಗಿ ನಡೆಸಿಕೊಂಡು ಬರುವ ಬ್ಯಾಂಕಿನ ಮಾಜಿ ನೌಕರರು, ದುರ್ಬೀನು ಹಿಡಿದ ಕಾಲೇಜು ಹುಡುಗರು. ಇವರಲ್ಲಿ ಬಹಳ ಮಂದಿಯ ಹೆಸರೂ ನಮಗೆ ತಿಳಿಯದು. ಮೊಹಲ್ಲಾದಲ್ಲಿ ನಾವು ಯಾರದೋ ಸೊಸೆ, ಯಾರದೋ ತಾಯಿ. ಅವರು ಅಂಗಡಿಯ ಭಾಯಿ. ಏರಿಯ ಮೇಲೆ ನಾವು 'ಆ ಜೋಡಿ', ಅಷ್ಟೇ. ಒಂದು ದಿನ ಅವರೊಬ್ಬರೇ ಹೋದರೆ 'ಎಲ್ಲಿ ಇವತ್ತು ಅಮ್ಮ ಬರಲಿಲ್ಲ?' ಎಂಬ ಪ್ರಶ್ನೆ ಮೂರು ಕಡೆ ಎದುರಾಗುತ್ತಿತ್ತಂತೆ. ನಿಕಾಹ್‌ಗೆ ಇಬ್ಬರು ಸಾಕ್ಷಿಗಳು ಬೇಕು. ಅವರು ಸಹಿ ಹಾಕಿ, ಬಿರಿಯಾನಿ ಉಂಡು ಹೋಗುತ್ತಾರೆ. ಆಮೇಲಿನ ಇಪ್ಪತ್ತು ಮೂವತ್ತು ವರ್ಷಗಳಿಗೆ ಸಾಕ್ಷಿ ಯಾರು?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ನಮ್ಮದು ಶಾಲಾ ಬ್ಯಾಗುಗಳ ಸಣ್ಣ ವ್ಯಾಪಾರ. ಜೂನ್ ತಿಂಗಳ ಮಾರಾಟಕ್ಕೆಂದು ಮಾಲು ಮೊದಲೇ ಬಂದು ಗೋದಾಮಿನಲ್ಲಿ ಕುಳಿತಿತ್ತು. ಜೂನ್ ಬಂತು, ಶಾಲೆ ತೆರೆಯಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಆರು ಜನ, ಇಪ್ಪತ್ತನಾಲ್ಕು ಗಂಟೆಯೂ ಜೊತೆಗೇ ಇದ್ದೆವು, ಆದರೆ ಇಬ್ಬರ ನಡುವೆ ಮಾತೇ ಇರಲಿಲ್ಲ. ಅವರು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಫೋನು ಬಂದರೆ ತಾರಸಿಗೆ ಹೋಗುತ್ತಿದ್ದರು. ಹೆಂಗಸರ ಮನಸ್ಸು ಅಂಥ ಹೊತ್ತಿನಲ್ಲಿ ಎಲ್ಲೆಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಕೆರೆಗೆ ಹೋಗುವಂತಾದ ಮೇಲೂ ಮೊದಲ ಮೂರು ಸಂಜೆ ಮುಖಗವಸು ಹಾಕಿಕೊಂಡು ಸುಮ್ಮನೆ ಕುಳಿತೆವು. ನಾಲ್ಕನೆಯ ದಿನ ಅವರು ನೀರು ನೋಡುತ್ತಲೇ ಒಂದು ಮೊತ್ತ ಹೇಳಿದರು. ಅಷ್ಟು ಸಾಲವಿತ್ತು. ಮಾಲಿಗಾಗಿ ತಂದದ್ದು, ಬಡ್ಡಿ ಓಡುತ್ತಿತ್ತು, ಅಮ್ಮನಿಗೆ ತಿಳಿಯಬಾರದೆಂದು ಎಲ್ಲರಿಂದಲೂ ಮುಚ್ಚಿಟ್ಟಿದ್ದರು. ಮನೆಯಲ್ಲಿ ಇದನ್ನು ಹೇಳಿದ್ದರೆ ಅತ್ತೆ ಎದೆ ಹಿಡಿದುಕೊಳ್ಳುತ್ತಿದ್ದರು, ಮಕ್ಕಳು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದರು. ಅಲ್ಲಿ ಹೆಜ್ಜಾರ್ಲೆಯೊಂದು ಕುತ್ತಿಗೆ ಕೊಂಕಿಸಿಕೊಂಡು ತೇಲುತ್ತಿತ್ತು. ಮೇಷ್ಟರು ದೂರದಿಂದಲೇ ಕೈಯೆತ್ತಿ ಹೋದರು.

ಲೆಕ್ಕ ಮುಗಿಸಲು ಇನ್ನೂ ಒಂದು ವಾರದ ಸಂಜೆಗಳು ಬೇಕಾದವು. ಬಳೆ ಮಾರೋಣವೆಂದೆವು, ಮೆಹರ್‌ನ ಬಳೆ ಮುಟ್ಟುವುದಿಲ್ಲವೆಂದು ಅವರು ಹಟ ಹಿಡಿದರು. ಮೆಹರ್ ಎಂದರೆ ಹೆಂಡತಿಯ ಸ್ವತ್ತು, ಅದನ್ನು ಮಾರುವುದೂ ಇಡುವುದೂ ಹೆಂಡತಿಯ ಇಷ್ಟವೆಂದು ನಾವು ಹಟ ಹಿಡಿದೆವು. ಕೊನೆಗೆ ಒಂದು ಜೊತೆ ಹೋಯಿತು, ಇನ್ನೊಂದು ಉಳಿಯಿತು. ಅಂಗಡಿಯ ಅರ್ಧವನ್ನು ಮೊಬೈಲು ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟೆವು. ಸಾಲ ತೀರಲು ಮೂರು ವರ್ಷ ಹಿಡಿಯಿತು. ಅತ್ತೆಗೆ ತೀರಿದ ಮೇಲೆಯೇ ತಿಳಿಸಿದ್ದು. 'ಅದಕ್ಕೇ ದಿನಾ ಕೆರೆಗೆ ಓಡುತ್ತಿದ್ದಿರಾ' ಎಂದರು.

ಕೆರೆಯಿಂದ ಎಲ್ಲರ ಸಂಸಾರವೂ ಸರಿಹೋಗುತ್ತದೆ ಎಂದು ಹೇಳುವಷ್ಟು ಮುಗ್ಧರಲ್ಲ ನಾವು. ಕೈ ಎತ್ತುವ ಗಂಡ ಏರಿಯ ಮೇಲೂ ಅವನೇ. ಆದರೆ ಪರಸ್ಪರ ಕೆಡುಕು ಬಯಸದ, ಬರೀ ಮಾತು ಕಳೆದುಕೊಂಡ ಎಷ್ಟೋ ಜೋಡಿಗಳು ನಮ್ಮ ಮೊಹಲ್ಲಾಗಳಲ್ಲಿವೆ. ಅವರಿಗೆ ನೀತಿಬೋಧೆ ಮಾಡುವವರು ಬಹಳ. ಒಂದು ಬೆಂಚು ಹಾಕಿಸುವವರು ಕಡಿಮೆ. ಬೆಂಚು, ಬೆಳಕು, ಹೆಂಗಸರಿಗೊಂದು ಶುಚಿಯಾದ ಶೌಚಾಲಯ, ಇಷ್ಟಿದ್ದರೆ ಯಾವ ಕೆರೆಯೂ ಆದೀತು, ಯಾವ ಪಾರ್ಕೂ ಆದೀತು.

ನಮ್ಮ ತಂಗಿಯನ್ನು ಅರಸೀಕೆರೆಗೆ ಕೊಟ್ಟಿದೆ. ಅವಳದೂ ತುಂಬಿದ ಮನೆ. ನಮ್ಮ ಕೆರೆಯ ಕಥೆ ಕೇಳಿ ಕೇಳಿ, ತಾನೂ ಒಂದು ಜಾಗ ಹುಡುಕಿದ್ದೇನೆ ಎಂದು ಈಚೆಗೆ ಫೋನಿನಲ್ಲಿ ಹೇಳಿದಳು. ಮೊದಲು ಪಾರ್ಕಿಗೆ ಹೋದರಂತೆ, ಅಲ್ಲಿ ಇಸ್ಪೀಟು ಆಡುವವರು ತಲೆಯೆತ್ತಿ ನೋಡಿದ್ದರಿಂದ ವಾಪಸು ಬಂದರಂತೆ. ಈಗ ವಾರಕ್ಕೊಮ್ಮೆ ಗಂಡ ಹೆಂಡತಿ ರೈಲು ನಿಲ್ದಾಣಕ್ಕೆ ಹೋಗುತ್ತಾರೆ. ಜಂಕ್ಷನ್ ಆದ್ದರಿಂದ ರೈಲುಗಳಿಗೆ ಕೊರತೆಯಿಲ್ಲ, ಯಾರನ್ನೋ ಕಾಯುತ್ತಿದ್ದಾರೆಂದು ತಿಳಿದು ಯಾರೂ ಏನೂ ಕೇಳುವುದಿಲ್ಲ. ಪ್ಲಾಟ್‌ಫಾರಂ ಟಿಕೇಟಿಗೆ ತಲಾ 10 ರೂಪಾಯಿ, ಎರಡು ಗಂಟೆ ಕೂರಬಹುದು. ಚಹಾ ಮಾರುವ ಹುಡುಗ ಆಗಲೇ ಗುರುತು ಹಿಡಿದುಬಿಟ್ಟಿದ್ದಾನೆ, ಅವಳದಕ್ಕೆ ಸಕ್ಕರೆ ಕಡಿಮೆ ಹಾಕಿಕೊಡುತ್ತಾನಂತೆ.