ತಾತನ ಗಾಡಿಗೆ ಮೊಮ್ಮಗಳ ಕಿವಿ

ಗುಂಡ್ಲುಪೇಟೆಯ ನಮ್ಮ ಮನೆಯ ಹಿತ್ತಿಲಲ್ಲಿ, ಸೌದೆ ರಾಶಿಯ ಪಕ್ಕ, ಗೋಣಿಚೀಲ ಹೊದ್ದುಕೊಂಡು ಒಂದು ಯೆಜ್ಡಿ ರೋಡ್‌ಕಿಂಗ್ ಮೂರು ವರ್ಷದಿಂದ ನಿಂತಿತ್ತು. ಈ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಗ, "ಅಪ್ಪಾ, ಇದನ್ನ ಗುಜರಿಯವನಿಗೆ ಕೊಟ್ಬಿಡೋಣ. ಜಾಗನಾದ್ರೂ ಆಗುತ್ತೆ" ಅಂದ. ನಾನು ಸುಮ್ಮನಿದ್ದೆ. ನನಗೆ ಕೇಳಿಸಲಿಲ್ಲ ಎಂದುಕೊಂಡ ಅವನು. ಆ ಮಾತು ಕೇಳಿಸಿತ್ತು. ಆದರೆ ಈಚೆಗೆ ಮನೆಯವರ ಅರ್ಧ ಮಾತು ನನಗೆ ನಿಜಕ್ಕೂ ಕೇಳಿಸುತ್ತಿರಲಿಲ್ಲ. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ.

ಮೇಷ್ಟ್ರ ಕೆಲಸದಲ್ಲಿದ್ದಾಗ ಸಾಲ ಮಾಡಿ ಕೊಂಡ ಗಾಡಿ ಅದು. ಬೇಗೂರು, ಹಂಗಳ, ತೆರಕಣಾಂಬಿ, ಎಲ್ಲಿಗೆ ವರ್ಗವಾದರೂ ಅದರಲ್ಲೇ ಹೋಗಿ ಬಂದೆ. ನಮ್ಮ ಕಡೆಯವರಿಗೆ ಅದು ಪರದೇಶದ ಗಾಡಿಯಲ್ಲ, ಮೈಸೂರಿನದು. ಜಾವಾ ಎಂಬುದು ಜೆಕ್ ದೇಶದ ಕಂಪನಿ. ಜಾನೆಚೆಕ್, ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಜಾವಾ ಎಂದಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಆಮೇಲೆ ಅಲ್ಲಿಂದಲೇ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ ಎಂಜಿನ್, ಎರಡು ಸೈಲೆನ್ಸರ್, ಕಿಕ್ಕರ್ ಆಗಿಯೂ ಗೇರ್ ಆಗಿಯೂ ಕೆಲಸ ಮಾಡುವ ಒಂದೇ ಲಿವರ್. ರೇಸಿನವರೂ ರ‍್ಯಾಲಿಯವರೂ ಇಷ್ಟಪಟ್ಟ ಗಾಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಮರುವರ್ಷವೇ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ನನ್ನ ಗಾಡಿ ಎರಡನ್ನೂ ಕಂಡಿದೆ.

ಮಗನ ಮಾತಿಗೆ ಉತ್ತರ ಕೊಟ್ಟವಳು ಏಳನೇ ಕ್ಲಾಸಿನ ಮೊಮ್ಮಗಳು. "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ ತಾತ. ಆಗ್ಲಿಲ್ಲ ಅಂದ್ರೆ ಕೊಡೋಣ."

ಮಾರನೆಯ ಬೆಳಿಗ್ಗೆ ಒಲೆ, ದೀಪ ಯಾವುದೂ ಹತ್ತಿರವಿಲ್ಲದ ಕಡೆ, ಹುಣಸೆ ಮರದ ನೆರಳಲ್ಲಿ ಕುಳಿತೆವು. ಪೆಟ್ರೋಲ್ ನಲ್ಲಿ ಮುಚ್ಚಿ ಕಾರ್ಬುರೇಟರ್ ಬಿಚ್ಚಿದೆ. "ಇದು ಏನ್ಮಾಡುತ್ತೆ ತಾತ?" ಅಂದಳು.

ಮಕ್ಕಳೇ, ನಿಮಗೂ ಅದನ್ನೇ ಹೇಳುತ್ತೇನೆ. ಮುದ್ದೆ ಮಾಡುವಾಗ ನೀರು ಹೆಚ್ಚಾದರೆ ಅಂಬಲಿ, ಹಿಟ್ಟು ಹೆಚ್ಚಾದರೆ ಗಂಟು. ಎಂಜಿನ್ನಿಗೂ ಹದ ಬೇಕು. ಒಂದು ಗ್ರಾಂ ಪೆಟ್ರೋಲ್ ಚೆನ್ನಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಆ ಹದ ಕೂಡಿಸುವ ಅಡುಗೆಯವನೇ ಕಾರ್ಬುರೇಟರ್. ಹಿಂದೆ ಸೊಳ್ಳೆಗೆ ಔಷಧಿ ಹೊಡೆಯುವ ಫ್ಲಿಟ್ ಪಂಪು ಇರುತ್ತಿತ್ತು, ನಿಮ್ಮ ಅಜ್ಜಿಯನ್ನು ಕೇಳಿ. ಕೊಳವೆಯ ತುದಿಯಲ್ಲಿ ಗಾಳಿ ಜೋರಾಗಿ ಹಾದರೆ ಕೆಳಗಿನ ಔಷಧಿ ತಾನಾಗಿ ಮೇಲೆದ್ದು ತುಂತುರಾಗುತ್ತಿತ್ತು. ಇಲ್ಲಿಯೂ ಹಾಗೆಯೇ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಿರಿದಾದ ಗಂಟಲಲ್ಲಿ ವೇಗವಾಗಿ ಹರಿಯುತ್ತದೆ, ಪೆಟ್ರೋಲನ್ನು ಮೇಲಕ್ಕೆ ಸೆಳೆಯುತ್ತದೆ. ಜೆಟ್ ಎಂಬ ಸಣ್ಣ ಹಿತ್ತಾಳೆ ತೂತು ಅದನ್ನು ಅಳೆದು ಬಿಡುತ್ತದೆ.

ಗಾಡಿ ನಿಂತೇ ಇದ್ದರೆ ಒಳಗಿನ ಪೆಟ್ರೋಲ್ ಆರಿ ಅಂಟಾಗುತ್ತದೆ. ನಮ್ಮ ಜೆಟ್ ಮುಚ್ಚಿಹೋಗಿತ್ತು. ಒಂದು ಕಾಲದಲ್ಲಿ ನಾನು ಅದಕ್ಕೆ ತಂತಿ ತೂರಿಸಿ, ಮೆತ್ತನೆಯ ಹಿತ್ತಾಳೆಯ ತೂತನ್ನೇ ದೊಡ್ಡದು ಮಾಡಿ, ತಿಂಗಳುಗಟ್ಟಲೆ ಕರಿ ಹೊಗೆ ಕುಡಿದಿದ್ದೆ. ಆ ಪಾಠ ನೆನಪಿತ್ತು. ಈ ಸಲ ನೆನೆಹಾಕಿ, ಸೈಕಲ್ ಪಂಪಿನಿಂದ ಗಾಳಿ ಊದಿದೆವು. ಮೊಮ್ಮಗಳು ಬಿಸಿಲಿಗೆ ಹಿಡಿದು, "ತಾತ, ಬೆಳಕು ಬಂತು!" ಎಂದು ಕೂಗಿದಳು.

ಹೊಸ ಪೆಟ್ರೋಲಿಗೆ ಲೀಟರಿಗೆ 40 ಮಿಲಿ ಎಣ್ಣೆ ಬೆರೆಸಿದೆವು. ಗಾಳಿಯ ಸ್ಕ್ರೂವನ್ನು ಬಿಗಿಯಾಗದಂತೆ ಪೂರ್ತಿ ಒಳಕ್ಕೆ ಕೂರಿಸಿ, ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿದೆ. ಹನ್ನೊಂದನೆಯ ಕಿಕ್ಕಿಗೆ ಗಾಡಿ ಹೊತ್ತಿಕೊಂಡಿತು. ಮನೆಯವಳು ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದಳು.

ಎಂಜಿನ್ ಬಿಸಿಯಾದ ಮೇಲೆ ಟ್ಯೂನಿಂಗ್. ಅದು ಕಣ್ಣಿನ ಕೆಲಸಕ್ಕಿಂತ ಕಿವಿಯ ಕೆಲಸ. ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಸದ್ದು ಯಾವಾಗ ತಿಳಿಯಾಗಿ ಏರುತ್ತದೆ ಎಂದು ಕೇಳಬೇಕು. ನಾನು ಟ್ಯಾಂಕಿನ ಮೇಲೆ ಅಂಗೈ ಇಟ್ಟು, ನಡುಕ ನೋಡಿ, "ಸರಿಯಾಯ್ತು" ಅಂದೆ.

"ಇಲ್ಲ ತಾತ. ಆಕ್ಸಿಲೇಟರ್ ಬಿಟ್ಟ ಮೇಲೂ ಸದ್ದು ಬೇಗ ಇಳೀತಿಲ್ಲ. ಅಲ್ಲೇ ಅಳ್ತಾ ನಿಲ್ಲುತ್ತೆ."

"ಸರಿಯಾಗೇ ಇದೆ. ನಿನಗೇನು ಗೊತ್ತು?" ಎಂದು ಗದರಿಬಿಟ್ಟೆ. ಅವಳು ಎದ್ದು ಒಳಗೆ ಹೋದಳು.

ಮಗ ಹಂಗಳದವರೆಗೆ ಹೋಗಿ ಬಂದ. "ತುಂಬಾ ಬಿಸಿಯಾಗ್ತಿದೆ ಅಪ್ಪಾ" ಅಂದ. ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಹದ ಸರಿಯಿದ್ದರೆ ಅದರ ತುದಿ ಕಾಫಿಪುಡಿಯ ಬಣ್ಣಕ್ಕಿರಬೇಕು. ಪೆಟ್ರೋಲ್ ಹೆಚ್ಚಾದರೆ ಮಸಿ. ನನ್ನ ಕೈಯಲ್ಲಿದ್ದದ್ದು ಸುಣ್ಣದಂತೆ ಬೆಳ್ಳಗಿತ್ತು. ಎಲ್ಲಿಂದಲೋ ಗಾಳಿ ಹೆಚ್ಚಾಗಿ ಸೇರುತ್ತಿತ್ತು. ಹುಡುಕಿದರೆ ಕಾರ್ಬುರೇಟರ್ ಎಂಜಿನ್ನಿಗೆ ಸೇರುವ ಕಡೆಯ ಪ್ಯಾಕಿಂಗ್ ಒಣಗಿ ಬಿರಿದಿತ್ತು. ಇಂಥ ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಹೋಗಬೇಕು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಕಾದ ಪಿಸ್ಟನ್ ಹಿಡಿದುಕೊಂಡರೆ ಓಡುತ್ತಿರುವ ಗಾಡಿಯ ಹಿಂದಿನ ಚಕ್ರವೇ ನಿಂತುಬಿಡಬಹುದು. ಗಾಡಿಯ ಮೇಲೆ ನನ್ನ ಮಗ ಕೂತಿದ್ದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೊಮ್ಮಗಳನ್ನು ಕರೆದು, "ತಪ್ಪಾಯ್ತು ಪುಟ್ಟಿ. ನನಗೆ ಆ ಸದ್ದು ಕೇಳಿಸಲಿಲ್ಲ. ಬಹಳ ದಿನದಿಂದ ಸರಿಯಾಗಿ ಕೇಳಿಸ್ತಿಲ್ಲ" ಅಂದೆ. ಮನೆಯಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಅವಳು ಹೆಚ್ಚು ಮಾತಾಡಲಿಲ್ಲ. "ಪ್ಯಾಕಿಂಗ್ ಹಾಕಿ ತಾತ. ನೀವು ತಿರುಗಿಸಿ, ನಾನು ಕೇಳ್ತೀನಿ" ಅಂದಳು. ಹೊಸ ಪ್ಯಾಕಿಂಗ್ ಬಂತು. ಕಾಲು ಸುತ್ತಿಗೊಮ್ಮೆ ಅವಳ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ಕೇಳಿ, ಕೊನೆಗೆ ಕೈ ಎತ್ತಿದಳು. ಈ ಸಲ ಪ್ಲಗ್ ಕಾಫಿ ಬಣ್ಣಕ್ಕೆ ಬಂತು.

ಮುಂದಿನ ಸೋಮವಾರ ಮಗ ಗಾಡಿ ತೆಗೆದ. ಇಬ್ಬರೂ ಹೆಲ್ಮೆಟ್ ಹಾಕಿಕೊಂಡೆವು, ನಾನು ಹಿಂದೆ ಕುಳಿತೆ. ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಹೋದೆವು, ಕಿವಿ ಡಾಕ್ಟರ ಹತ್ತಿರ. ಈಗ ನನ್ನ ಕಿವಿಯಲ್ಲಿ ಒಂದು ಪುಟ್ಟ ಯಂತ್ರವಿದೆ. ಅದನ್ನೂ ಹದಕ್ಕೆ ತರಲು ಎರಡು ಸಲ ಹೋಗಿ ಬರಬೇಕಾಯಿತು.

ಮೊದಲ ದಿನ ಸಂಜೆ ವಾಪಸು ಬಂದಾಗ ಮೊಮ್ಮಗಳು ಗೇಟಿನ ಬಳಿಯೇ ಇದ್ದಳು. "ನೀವು ಹೋದಾಗ ತಿರುವು ದಾಟೋವರೆಗೂ ಕೇಳಿಸ್ಕೊಂಡೆ ತಾತ. ಎಲ್ಲೂ ಅಳಲಿಲ್ಲ."

ಗುಜರಿಯ ಮಾತನ್ನು ಮಗ ಮತ್ತೆ ಎತ್ತಲಿಲ್ಲ.