ನೂರೈವತ್ತು ಮೀಟರಿನ ಸುತ್ತು

ಮಗಳ ಬಾಣಂತನಕ್ಕೆಂದು ನಾನು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದದ್ದು 2023ರ ಡಿಸೆಂಬರಿನಲ್ಲಿ. ವರ್ಷಗಟ್ಟಲೆ ಕೂಡಿಟ್ಟಿದ್ದ ಗಳಿಕೆ ರಜೆಯನ್ನು ಬಳಸಿಕೊಂಡು, ಚೀಲದಲ್ಲಿ ಅಂಟಿನ ಉಂಡಿ, ಒಣಕೊಬ್ಬರಿ, ಅಜವಾನ ತುಂಬಿಕೊಂಡು ದುಂಡಸಿಯಿಂದ ಹೊರಟೆ. ಹತ್ತನೆಯ ವರ್ಗದ ಮಕ್ಕಳನ್ನು ಪರೀಕ್ಷೆಯ ಹೊತ್ತಿಗೆ ಬಿಟ್ಟು ಹೋಗುತ್ತಿದ್ದೇನೆ ಎಂಬ ಅಳುಕು ಮಾತ್ರ ಯಾವ ಚೀಲಕ್ಕೂ ಹಿಡಿಸದೆ ಎದೆಯಲ್ಲೇ ಕುಳಿತಿತ್ತು.

ಅಲ್ಲಿ ನನಗೆ ಭಾಷೆ ಬಾರದು, ಹೊರಗೆ ಕಾಲಿಡಲು ಹಿಮ. ಕೂಸು ಮಲಗಿದಾಗ ಟಿ.ವಿ.ಯೇ ಗತಿ. ಚಳಿಗಾಲದಲ್ಲಿ ಅಲ್ಲಿಯ ಟಿ.ವಿ.ಯಲ್ಲಿ ಶನಿವಾರ, ರವಿವಾರ ಬಂದರೆ ಸಾಕು, ಒಂದು ವಿಚಿತ್ರ ಆಟ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡ ಹುಡುಗಿಯರು, ಬೆನ್ನಿಗೆ ಬಂದೂಕು ಹೊತ್ತು, ಹಿಮದ ಗುಡ್ಡ ಹತ್ತಿ ಇಳಿದು ಏದುಸಿರು ಬಿಡುತ್ತ ಬರುತ್ತಾರೆ. ಬಂದವರು ಥಟ್ಟನೆ ನಿಂತು ಐದು ಗುರಿಗಳಿಗೆ ಐದು ಗುಂಡು ಹೊಡೆಯುತ್ತಾರೆ. ಮತ್ತೆ ಓಟ.

"ಇದೇನ ಮಾರಾಯ್ತಿ, ಆಟೋ ಯುದ್ಧೋ?" ಎಂದೆ.

"ಬಯಾಥ್ಲಾನ್ ಅಂತಾರವ್ವಾ" ಎಂದಳು ಮಗಳು.

ಅವಳು ಹೇಳಿದಷ್ಟು, ನಾನು ನೋಡಿ ಕಲಿತಷ್ಟು ನಿಮಗೂ ಹೇಳುತ್ತೇನೆ. ಗುರಿ ಐವತ್ತು ಮೀಟರು ದೂರ. ಮಲಗಿ ಹೊಡೆಯುವಾಗ ಅದರ ಅಗಲ 45 ಮಿಲಿಮೀಟರು, ನಿಂತು ಹೊಡೆಯುವಾಗ 115. ಬಂದೂಕಿನ ತೂಕ ಮೂರೂವರೆ ಕಿಲೋಗೆ ಕಡಿಮೆ ಇರಬಾರದು. ಸುಮ್ಮನೆ ನಿಂತವರಿಗೆ ಇದು ಅಂಥ ಕಷ್ಟವಲ್ಲವೇನೋ. ಆದರೆ ಇವರ ಎದೆ ಢವಢವ ಹೊಡೆದುಕೊಳ್ಳುತ್ತಿರುತ್ತದೆ. ಹುಲ್ಲಿನ ಹೊರೆ ಹೊತ್ತು ಹೊಲದಿಂದ ಓಡಿ ಬಂದವಳಿಗೆ, ಹೊರೆ ಇಳಿಸಿದ ಕೂಡಲೇ ಸೂಜಿಗೆ ದಾರ ಪೋಣಿಸು ಅಂದಂತೆ!

ಈ ಆಟ ಒಲಿಂಪಿಕ್ಸಿಗೆ ಬಂದದ್ದು 1960ರಲ್ಲಿ. ಆಗ ಗಂಡಸರಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1992ರಲ್ಲಿ, ಫ್ರಾನ್ಸಿನ ಆಲ್ಬರ್‌ವಿಲ್‌ನಲ್ಲಿ. ಮೂವತ್ತೆರಡು ವರ್ಷ ತಡ. ತಡವಾಗಿ ತೆರೆಯುವ ಬಾಗಿಲುಗಳು ನಮ್ಮ ಊರಲ್ಲಷ್ಟೇ ಇಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ಗೆದ್ದವರಲ್ಲ, ತಪ್ಪಿದವರು. ಹೆಚ್ಚಿನ ಸ್ಪರ್ಧೆಗಳಲ್ಲಿ ಒಂದು ಗುಂಡು ತಪ್ಪಿದರೆ ನೂರೈವತ್ತು ಮೀಟರಿನ ಒಂದು ಸುತ್ತು ಹೆಚ್ಚಿಗೆ ಓಡಬೇಕು. ಎರಡು ತಪ್ಪಿದರೆ ಎರಡು ಸುತ್ತು. ಓಡಿ ಮುಗಿಸಿದಳೋ, ಮತ್ತೆ ಎಲ್ಲರ ಜೊತೆಗೆ ಅದೇ ದಾರಿ. ಯಾರೂ ಆಕೆಯನ್ನು ಮನೆಗೆ ಹೋಗು ಅನ್ನುವುದಿಲ್ಲ. ತಪ್ಪಿಗೆ ಒಂದು ಅಳತೆ ಇದೆ. ಅದು ಮುಗಿದರೆ ತಪ್ಪೂ ಮುಗಿಯಿತು.

ಇಟಲಿಯ ಲೀಸಾ ವಿಟ್ಟೋಜಿ ಎಂಬಾಕೆಯ ಕತೆಯನ್ನು ಮಗಳು ಹೇಳಿದಳು. ಕೆಲ ವರ್ಷಗಳ ಹಿಂದೆ ಆಕೆಯ ಗುರಿ ಪೂರಾ ಕೈಕೊಟ್ಟಿತ್ತಂತೆ. ಮಲಗಿ ಹೊಡೆಯುವುದು, ಅದೂ ಸುಲಭದ್ದೇ, ಆಕೆಗೆ ಆಗದಾಯಿತಂತೆ. ಆದರೆ 2024ರ ಫೆಬ್ರವರಿಯಲ್ಲಿ, ಚೆಕ್ ದೇಶದ ನೋವೆ ಮೆಸ್ಟೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಹದಿನೈದು ಕಿಲೋಮೀಟರಿನ ಸ್ಪರ್ಧೆಯಲ್ಲಿ ಆಕೆ ಇಪ್ಪತ್ತಕ್ಕೆ ಇಪ್ಪತ್ತೂ ಹೊಡೆದು ಚಿನ್ನ ಗೆದ್ದದ್ದನ್ನು ನಾನೇ ನೋಡಿದೆ. ಬೆಳ್ಳಿ ಜರ್ಮನಿಯ ಯಾನಿನಾ ಹೆಟ್ಟಿಚ್-ವಾಲ್ಟ್ಸ್ ಪಾಲಾಯಿತಾದ್ದರಿಂದ ಟಿ.ವಿ.ಯವರಿಗೆ ಸಂಭ್ರಮವೋ ಸಂಭ್ರಮ. ನಾನು ಮಾತ್ರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಇಟಲಿಯಾಕೆಯನ್ನೇ ನೋಡುತ್ತ ಕುಳಿತಿದ್ದೆ. ಕಣ್ಣು ತುಂಬಿತ್ತು. "ಯಾಕವ್ವಾ?" ಎಂದು ಮಗಳು ಕೇಳಿದಾಗ ಒಗ್ಗರಣೆಯ ಹೊಗೆ ಅಂದೆ. ಅಡುಗೆಮನೆಯಲ್ಲಿ ಒಲೆ ಹಚ್ಚಿರಲೇ ಇಲ್ಲ.

ನನಗೆ ನೆನಪಾದದ್ದು ಹದಿನೈದು ವರ್ಷದ ಹಿಂದಿನ ಒಬ್ಬ ಹುಡುಗಿ. ಕನ್ನಡದಲ್ಲಿ ಜಾಣೆ, ಗಣಿತ ಒಂದರಲ್ಲಿ ಬಿದ್ದಳು. ಆಕೆಯ ತಂದೆ ಶಾಲೆಗೆ ಬಂದು, "ಮತ್ತ ಕಟ್ಟಸೋಣೇನ್ರಿ ಅಕ್ಕೋರ?" ಎಂದು ಕೇಳಿದರು. ನಾನು ಯಾವುದೋ ತಖ್ತೆ ತುಂಬುತ್ತಿದ್ದೆ. ತಲೆ ಎತ್ತದೆ, "ಆಕಿ ತಲಿಗೆ ಗಣಿತ ಹತ್ತೂದಿಲ್ರಿ" ಅಂದುಬಿಟ್ಟೆ. ಅಷ್ಟೇ ಮಾತು. ಅವರು ಕೈಮುಗಿದು ಹೋದರು. ಹುಡುಗಿ ಕೆಲ ವರ್ಷ ಗೋವಿನಜೋಳದ ಹೊಲದಲ್ಲಿ ಕಳೆ ತೆಗೆದು, ಮದುವೆಯಾಗಿ ಹೋದಳು. ಒಂದು ಗುಂಡು ತಪ್ಪಿದವಳನ್ನು ನಾನು ಆಟದಿಂದಲೇ ಹೊರಗೆ ಕಳಿಸಿದ್ದೆ.

ವೀಸಾದ ಅವಧಿ ಮುಗಿಯುತ್ತ ಬಂದು, ಮಾರ್ಚಿ ಮೊದಲಿಗೇ ಊರಿಗೆ ಮರಳಿದೆ. ಆ ಋತುವಿನ ಕೊನೆಯ ಸ್ಪರ್ಧೆಗಳು ಮಾರ್ಚಿಯಲ್ಲಿ ಕೆನಡಾದ ಕ್ಯಾನ್‌ಮೋರ್‌ನಲ್ಲಿ ನಡೆದವು. "ಅವ್ವಾ, ನಿನ್ನ ಲೀಸಾನೇ ಇಡೀ ವರ್ಷದ ವಿಶ್ವಕಪ್ ಗೆದ್ದಳು" ಎಂದು ಮಗಳು ಫೋನು ಮಾಡಿದಳು. ನಾನು ಆಗ ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ.

ಅದೇ ವರ್ಷ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ನನ್ನ ವರ್ಗದ ಒಬ್ಬ ಹುಡುಗಿ, ಅದೇ ಗಣಿತದಲ್ಲಿ, ಬಿದ್ದಿದ್ದಳು. ಸಂಜೆಯೇ ಅವರ ಮನೆಗೆ ಹೋದೆ. ತಾಯಿ ಚಹಾ ಕೊಟ್ಟರು. ತಂದೆ, "ಸಾಕ್ರಿ ಅಕ್ಕೋರ, ಹೆಣ್ಣಮಗಳು, ಇನ್ನೆಷ್ಟು ಓದಸೂದು" ಎಂದರು. ನಾನು ಹಿಮ, ಬಂದೂಕು ಏನನ್ನೂ ಹೇಳಲಿಲ್ಲ. "ಇನ್ನೂ ಎರಡು ಪರೀಕ್ಷೆ ಅದಾವ್ರಿ. ಕಟ್ಟೂದು ನನ್ನ ಹೊಣಿ" ಎಂದೆ.

ನಾನು ಬಿ.ಎ. ಓದಿದವಳು, ಗಣಿತ ನನ್ನ ವಿಷಯವಲ್ಲ. ಗಣಿತದ ಮಾಸ್ತರರನ್ನು ಬೇಡಿಕೊಂಡೆ. ಸಂಜೆ ಅವರು ಕಲಿಸುವಾಗ ನಾನೂ ಪಕ್ಕದಲ್ಲಿ ಕುಳಿತೆ. ಪ್ರಶ್ನೆಪತ್ರಿಕೆ ಕಂಡ ಕೂಡಲೇ ಹುಡುಗಿಯ ಕೈ ನಡುಗುತ್ತಿತ್ತು. "ಮೊದಲ ಮೂರು ಸಲ ಉಸಿರು ತಗೋ, ಬಾಜೂದವರನ್ನ ನೋಡಬ್ಯಾಡ, ಒಂದೊಂದ ಲೆಕ್ಕ ಹಿಡಿ" ಎಂದು ಹೇಳಿಕೊಟ್ಟೆ. ಅದಷ್ಟೇ ನಾನು ಮ್ಯೂನಿಕ್ಕಿನಿಂದ ತಂದ ವಿದ್ಯೆ. ಜೂನಿನಲ್ಲಿ ಮತ್ತೆ ಬಿದ್ದಳು. ಆಗಸ್ಟಿನ ಮೂರನೆಯ ಪರೀಕ್ಷೆಯಲ್ಲಿ ಪಾಸಾದಳು. ಅಂಕ ಹೇಳಿಕೊಳ್ಳುವಂಥದ್ದಲ್ಲ, ಆದರೂ ಅವರ ಓಣಿಯಲ್ಲಿ ಪೇಢೆ ಹಂಚಿದರು.

ಈಗ ವರ್ಗದಲ್ಲಿ ಈ ಆಟದ ಕತೆ ಹೇಳಿದರೆ, "ನಮ್ಮೂರಾಗ ಹಿಮಾ ಎಲ್ಲೈತ್ರಿ?" ಎಂದು ಮಕ್ಕಳು ನಗುತ್ತಾರೆ. ಆಗ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳುತ್ತೇನೆ. ಬಂದೂಕಿಲ್ಲದ ಹಿಮಓಟ ಅವರದು. 2025ರಲ್ಲಿ ಚಿಲಿ ದೇಶದಲ್ಲಿ ಐದು ಕಿಲೋಮೀಟರಿನ ಓಟದಲ್ಲಿ ಕಂಚು ಗೆದ್ದರು. ಹಿಮವೇ ಬೀಳದ ನಾಡಿನ ಹುಡುಗಿ! ನಗು ನಿಲ್ಲುತ್ತದೆ.

ಕಳೆದ ಜೂನಿನಲ್ಲಿ ಒಬ್ಬ ಹೆಣ್ಣುಮಗಳು ತನ್ನ ಮಗಳ ಹೆಸರು ಹಚ್ಚಲು ಶಾಲೆಗೆ ಬಂದಳು. ಹಣೆಯ ಮೇಲಿನ ಮಚ್ಚೆಯಿಂದ ಗುರುತು ಹಿಡಿದೆ. ಅವಳೇ. ಮಾತು ತಡವರಿಸಿತು. "ನೀನೂ ಖಾಸಗಿಯಾಗಿ ಕಟ್ಟಬಹುದಲ್ಲ, ಒಂದ ವಿಷಯ. ನಾನು ಹೇಳಿಕೊಡಸ್ತೀನಿ" ಎಂದೆ.

ಅವಳು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. "ಈಗ್ಯಾಕ್ರಿ ಅಕ್ಕೋರ ನನಗ? ಈಕೀನ್ನ ಬಿಡಬ್ಯಾಡ್ರಿ, ಅಷ್ಟ ಸಾಕು."

ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮಗುವಿನ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡೆ. ಈ ಸುತ್ತು ನಾನು ಓಡಬೇಕಾದದ್ದು. ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆ.